ಸಾಯುವುದರಲ್ಲಿ ಹೆಸರಾದವರು

ರತ್ನಾಬಾಯಿ ತನ್ನ ಕಾಲದಲ್ಲಿ ಸಾಯುವುದಕ್ಕೆ ಹೆಸರಾಗಿದ್ದಳು. ಗದಗ, ಇಳಕಲ್ಲು, ಬಾಗಲಕೋಟೆ, ನಾಟಕ ಕಂಪನಿ ಎಲ್ಲಿ ಕ್ಯಾಂಪು ಹಾಕಿದರೂ ಸರಿ, ಕೊನೆಯ ಅಂಕದಲ್ಲಿ ಆಕೆ ವಿಷ ಕುಡಿದು, ಹಾಡುತ್ತಲೇ ನೆಲಕ್ಕೊರಗುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಒರಗಿದ ಕೂಡಲೇ ಹಿಂದಿನ ಸಾಲಿನಿಂದ ಕೂಗು ಏಳುತ್ತಿತ್ತು: "ವನ್ಸ್‌ಮೋರ್!" ಆಗ ಸತ್ತವಳು ಎದ್ದು, ಸೆರಗು ಸರಿಮಾಡಿಕೊಂಡು, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಕಡೆ ಒಮ್ಮೆ ನೋಡಿ, ವಿಷದ ಬಟ್ಟಲನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಅದು ಕಂಪನಿಯ ರೀತಿ. ಸತ್ತವರು ಏಳುವುದು ಹೇಗೆ ಎಂದು ತರ್ಕ ಹೂಡುವವರು ಮನೆಯಲ್ಲೇ ಕೂತಿರಲಿ, ಅವರಿಗೆ ಯಾರೂ ಟಿಕೆಟ್ ಕೊಟ್ಟಿರಲಿಲ್ಲ.

ಈಗ ಆಕೆಗೆ ಎಪ್ಪತ್ತು ದಾಟಿದೆ. ಮಗ ಸಂಗಮೇಶ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸಕ್ಕಿದ್ದಾನೆ. ಮನೆ ಫೆಲ್ಥಮ್‌ನಲ್ಲಿ, ಮಾತಿನ ನಡುವೆ ವಿಮಾನ ಹಾದರೆ ಎಲ್ಲರೂ ಬಾಯಿ ಮುಚ್ಚಿ ಕಾಯುವುದು ಆ ಬೀದಿಯ ಪದ್ಧತಿ. ನಿಮ್ಮ ತಾಯಿ ಊರಲ್ಲಿ ಏನು ಮಾಡುತ್ತಿದ್ದರು ಎಂದು ಗೆಳೆಯರು ಕೇಳಿದರೆ ಸಂಗಮೇಶ "ರಿಟೈರ್ಡ್" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದ. ರತ್ನಾಬಾಯಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು, ಮಕ್ಕಳ ನಾಚಿಕೆಯನ್ನೆಲ್ಲ ಮೈಮೇಲೆ ಎಳೆದುಕೊಂಡರೆ ತಾಯಿಯಾದವಳು ಬದುಕುವುದುಂಟೆ?

ಪಕ್ಕದ ಮನೆಯಲ್ಲಿ ಐರಿಸ್ ಎಂಬ ಮುದುಕಿ ಇದ್ದಳು. ತೊಂಬತ್ತೊಂದು ವರ್ಷ, ಗಾಲಿ ಕುರ್ಚಿ, ನೆಟ್ಟಗಿನ ಬೆನ್ನು. ರತ್ನಾಬಾಯಿ ಒಂದು ಸಲ ಶೇಂಗಾ ಹೋಳಿಗೆ ಕೊಡಲು ಹೋದವಳು ಹಜಾರದ ಗೋಡೆಯ ಮೇಲಿನ ಫೋಟೋ ನೋಡಿ ಅಲ್ಲೇ ನಿಂತುಬಿಟ್ಟಳು. ಒಬ್ಬ ತೆಳ್ಳಗಿನ ಗಂಡಸು, ಎದೆಯ ಮೇಲೆ ಒಂದು ಕೈ, ಕಣ್ಣಿನ ಸುತ್ತ ಕಾಡಿಗೆ.

"ಆರ್ಟಿಸ್ಟ್?" ಎಂದು ಕೇಳಿದಳು.

"ನನ್ನ ಅಪ್ಪ" ಎಂದಳು ಐರಿಸ್.

ಅಂದಿನಿಂದ ಶುರುವಾಯಿತು ಗೆಳೆತನ. ರತ್ನಾಬಾಯಿಯ ಇಂಗ್ಲಿಷ್‌ನಲ್ಲಿ ಕ್ರಿಯಾಪದಗಳಿರಲಿಲ್ಲ, ಐರಿಸ್‌ಗೆ ಕನ್ನಡದ ಗಂಧವಿರಲಿಲ್ಲ. ಆದರೂ ಹೋಳಿಗೆಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತ ಇಬ್ಬರೂ ಮಧ್ಯಾಹ್ನಗಳನ್ನೇ ಕಳೆಯುತ್ತಿದ್ದರು. ತೀರಾ ತೊಡಕಾದಾಗ ಸೊಸೆ ಸ್ಫೂರ್ತಿ ಬಂದು ಬಿಡಿಸುತ್ತಿದ್ದಳು.

ಹಾಗೆ ತುಂಡು ತುಂಡಾಗಿ ಆ ಫೋಟೋದ ಅಪ್ಪ, ಹರ್ಬರ್ಟ್ ಪೆನ್‌ರಿಡ್ಜ್ ಸಾಹೇಬರ ಕಥೆ ರತ್ನಾಬಾಯಿಗೆ ದಕ್ಕಿತು. ಹದಿನಾರಕ್ಕೇ ಮನೆ ಬಿಟ್ಟು ನಾಟಕದ ತಂಡ ಸೇರಿದವರು. ವಾರಕ್ಕೊಂದು ಊರು, ಭಾನುವಾರ ರೈಲು, ವೇಷದ ಬುಟ್ಟಿಗಳ ಮೇಲೇ ನಿದ್ದೆ. ಇದನ್ನು ಕೇಳಿದಾಗ ರತ್ನಾಬಾಯಿ ತೊಡೆ ತಟ್ಟಿ "ಸೇಮ್! ಸೇಮ್!" ಎಂದಳು. ಆಮೇಲೆ ಲಂಡನ್ನಿನ ದೊಡ್ಡ ರಂಗಮಂದಿರಗಳು, ಆಮೇಲೆ ಮೂಕಿ ಚಿತ್ರ. ಹಗಲು ಗಾಜಿನ ಮಾಡಿನ ಸ್ಟುಡಿಯೋದಲ್ಲಿ ಬಿಸಿಲು ಇರುವ ತನಕ ಕ್ಯಾಮೆರಾ ಮುಂದೆ, ಸಂಜೆ ಬಣ್ಣ ಅಳಿಸದೆಯೇ ಓಡಿಹೋಗಿ ರಂಗದ ಮೇಲೆ. ಮೂವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರದು ಒಂದೇ ಕಸುಬು, ಸಾಯುವುದು. ನಾಯಕನ ಅಣ್ಣನಾಗಿ, ನಾಯಕಿಯ ಕುಡುಕ ತಂದೆಯಾಗಿ, ಪಶ್ಚಾತ್ತಾಪಪಟ್ಟ ಕಳ್ಳನಾಗಿ, ಕೊನೆಗೆ ಎಲ್ಲರಿಗಾಗಿ ಇವರು ಸಾಯಬೇಕು, ಮಿಕ್ಕವರು ಮದುವೆಯಾಗಬೇಕು. ಮಾತಿನ ಚಿತ್ರ ಬಂತು, ಇವರನ್ನು ಕರೆಯುವುದು ನಿಂತಿತು. ಚಿತ್ರಗಳಾದರೂ ಉಳಿದವೇ? ಕೆಲವು ಕರಗಿದವು, ಕೆಲವು ಸುಟ್ಟವು, ಉಳಿದವನ್ನು ಕಸಕ್ಕೆ ಹಾಕಿದರು.

ಈ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಐರಿಸ್‌ಗೆ ಒಂದು ಫೋನು ಬಂತು. ಹಳೆಯ ಚಿತ್ರಗಳನ್ನು ಕಾಪಾಡುವವರು ಯಾವುದೋ ಅಟ್ಟದಲ್ಲಿ ಒಂದು ಡಬ್ಬಿ ಸಿಕ್ಕಿದೆಯೆಂದರು. ಅದರಲ್ಲಿ ಪೆನ್‌ರಿಡ್ಜ್ ಅವರ ಒಂದು ಚಿತ್ರದ ಕೊನೆಯ ಸುರುಳಿ ಇತ್ತು, ಹತ್ತು ಹನ್ನೆರಡು ನಿಮಿಷದ್ದು. ಶುಚಿ ಮಾಡಿ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಒಂದು ಸಣ್ಣ ಸಭಾಂಗಣದಲ್ಲಿ ತೋರಿಸುತ್ತಾರೆ, ಮಗಳು ಬರಬೇಕು.

"ನಾನು ಹೋಗುವುದಿಲ್ಲ" ಎಂದಳು ಐರಿಸ್.

ಕಾರಣ ಹೊರಬರಲು ಎರಡು ಲೋಟ ಚಹಾ ಬೇಕಾಯಿತು. ಕೆಲಸವಿಲ್ಲದೆ ಕೂತಿದ್ದ ಅಪ್ಪನಿಗೆ ಕಡೆಗೊಮ್ಮೆ ಒಂದು ನಾಟಕದಲ್ಲಿ ಪಾತ್ರ ಸಿಕ್ಕಿತ್ತಂತೆ, ಸಾಯುವ ಮುದುಕನದು. ಆತ ತನ್ನ ಹಳೆಯ ಕ್ರಮದಲ್ಲೇ ನಿಧಾನವಾಗಿ, ತೂಗಾಡುತ್ತ, ಪರದೆ ಹಿಡಿದುಕೊಳ್ಳುತ್ತ ಸಾಯತೊಡಗಿದಾಗ ಮೇಲಿನ ಗ್ಯಾಲರಿಯಿಂದ ಯಾರೋ ಕೂಗಿದರು: "ಬೇಗ ಸಾಯಪ್ಪಾ, ಕೊನೆಯ ಬಸ್ಸು ತಪ್ಪುತ್ತದೆ!" ಇಡೀ ಥಿಯೇಟರು ನಕ್ಕಿತು. ಆತ ಮತ್ತೆ ಬಣ್ಣ ಹಚ್ಚಲಿಲ್ಲ. ಐರಿಸ್‌ಗೆ ನಾಲ್ಕು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಆತನನ್ನು ಆಸ್ಪತ್ರೆಗೆ ಕರೆದೊಯ್ದರು, ತಿರುಗಿ ಬರಲಿಲ್ಲ. ಇದನ್ನೆಲ್ಲ ಹೇಳಿದ್ದು ತಾಯಿ. ಅಪ್ಪ ಓಡಾಡಿದ್ದು ಐರಿಸ್‌ಗೆ ನೆನಪೇ ಇಲ್ಲ.

"ಈಗಿನವರು ಹಳೆಯ ಚಿತ್ರ ನೋಡಿ ನಗುತ್ತಾರೆ ರತ್ನಾ. ಅಪ್ಪನನ್ನು ನೋಡಿ ಜನ ಒಮ್ಮೆ ನಕ್ಕದ್ದೇ ಸಾಕು. ನಾನು ಕೂತು ಕೇಳಲಾರೆ."

ಸ್ಫೂರ್ತಿ ಇದನ್ನು ಕನ್ನಡಕ್ಕೆ ತಂದಾಗ ರತ್ನಾಬಾಯಿಗೆ ಸಿಟ್ಟು ನೆತ್ತಿಗೇರಿತು. ಹುಬ್ಬಳ್ಳಿಯಲ್ಲಿ ಕಡೆಯ ಸಲ ಬಣ್ಣ ಹಚ್ಚಿದಾಗ, ಇಪ್ಪತ್ತರ ಹುಡುಗಿಯ ಪಾತ್ರದಲ್ಲಿ ತನ್ನ ಐವತ್ತರ ಮೈ ನೋಡಿ ಕಿಸಕ್ಕೆಂದವರ ದನಿ ಆಕೆಯ ಕಿವಿಯಲ್ಲಿ ಇನ್ನೂ ಇತ್ತು.

"ಯಾಂವ ನಗ್ತಾನ? ನಾ ಬಾಜೂಕ ಕುಂತಿರ್ತೀನಿ, ನೋಡೂಣು ಯಾರ್ ನಗ್ತಾರಂತ. ಯಾರೂ ನಗೂದಿಲ್ಲ, ನಾ ಮಾತ್ ಕೊಡ್ತೀನಂತ ಹೇಳವಾ ಆಕೀಗೆ."

"ಅತ್ತಿ, ಅದು ನಮ್ಮ ಕೈಯಾಗ ಇಲ್ಲ. ಮಾತ್ ಹೆಂಗ ಕೊಡ್ತೀರಿ?"

"ಕೊಟ್ಟಾತು. ನೀ ಹೇಳು."

ಸ್ಫೂರ್ತಿ ಹೇಳಿದಳು. ಐರಿಸ್ ಫೋಟೋದ ಕಡೆ ನೋಡಿ, ಹೂಂ ಎಂದಳು.

ಶನಿವಾರ ಮಧ್ಯಾಹ್ನದ ಪ್ರದರ್ಶನ. ಸ್ಫೂರ್ತಿಗೆ ಬರಲಾಗಲಿಲ್ಲ, ಸಂಗಮೇಶ ಪಾಳಿ ಬದಲಾಯಿಸಿಕೊಂಡು ಬಂದ. ಫೆಲ್ಥಮ್‌ನಿಂದ ರೈಲು, ವಾಟರ್‌ಲೂದಲ್ಲಿ ಲಿಫ್ಟು ಹುಡುಕಿ ನೆಲದಡಿಯ ಟ್ಯೂಬು ರೈಲು, ಸ್ಟ್ರಾಟ್‌ಫರ್ಡ್‌ನ ಶಾಪಿಂಗ್ ಗದ್ದಲದ ನಡುವೆ ಅವನು ಕುರ್ಚಿ ತಳ್ಳುತ್ತಿದ್ದರೆ, ಐರಿಸ್ ಮುತ್ತಿನ ಸರ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು. ರತ್ನಾಬಾಯಿ ಇಳಕಲ್ಲ ಸೀರೆ ಉಟ್ಟು, ಮೇಲೆ ಮಗನ ಹಳೆಯ ಜಾಕೀಟು ತೊಟ್ಟಿದ್ದಳು. ಸೀರೆಯ ಅಂದ ಕೆಡಿಸಲೆಂದೇ ಹೊಲಿದಂತಿತ್ತು ಆ ಜಾಕೀಟು.

ಸಭಾಂಗಣ ಮುಕ್ಕಾಲು ತುಂಬಿತ್ತು, ಹೆಚ್ಚಿನವರು ಹರೆಯದವರು. ಪ್ರದರ್ಶನ ಏರ್ಪಡಿಸಿದವರಲ್ಲಿ ಒಬ್ಬಳಾದ ಫ್ರೇಯಾ ಎಂಬ ಹುಡುಗಿ ನಾಲ್ಕು ಮಾತಾಡಿ, ನಟನ ಮಗಳೇ ಬಂದಿದ್ದಾರೆಂದಳು. ಚಪ್ಪಾಳೆಯಾಯಿತು. ಪರದೆಯ ಪಕ್ಕ ಒಬ್ಬ ಬೊಕ್ಕತಲೆಯವನು ಪಿಯಾನೋ ಮುಂದೆ ಕೂತ. ಚಿತ್ರಕ್ಕೆ ಮಾತಿಲ್ಲದ್ದರಿಂದ ಸಂಗೀತ ಅವನೇ ಎದುರಿಗೆ ಕೂತು ನುಡಿಸುವುದು. ರತ್ನಾಬಾಯಿಗೆ ಅದು ಬಹಳ ಹಿಡಿಸಿತು. ಪೇಟಿ ಮಾಸ್ತರರಿದ್ದಾರೆ, ಇನ್ನೇನು ಚಿಂತೆ ಎಂದುಕೊಂಡಳು. ದೀಪ ಆರಿತು.

ಪರದೆಯ ಮೇಲೆ ಸಮುದ್ರದ ದಂಡೆಯ ಮನೆ. ಹರ್ಬರ್ಟ್ ಸಾಹೇಬರು ಬಂದರು. ಫೋಟೋದ ಅದೇ ತೆಳ್ಳನೆಯ ಮುಖ, ಆದರೆ ಈಗ ಅದು ನಡೆಯುತ್ತಿತ್ತು, ತಿರುಗುತ್ತಿತ್ತು. ಐರಿಸ್‌ಳ ಕೈ ಬಂದು ರತ್ನಾಬಾಯಿಯ ಮಣಿಕಟ್ಟನ್ನು ಹಿಡಿಯಿತು.

ತಮ್ಮನನ್ನು ಉಳಿಸಲು ಹೋಗಿ ಗುಂಡೇಟು ತಿಂದ ಅಣ್ಣನ ಪಾತ್ರ. ಗುಂಡು ತಗಲಿದಾಗ ಆತ ಕಣ್ಣು ಅಗಲಿಸಿ, ಹಣೆಗೆ ಕೈ ಒಯ್ದ. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆತ ತೂಗಾಡಿದ, ಇನ್ನಿಬ್ಬರು ನಕ್ಕರು. ತೂಗಾಡುತ್ತಲೇ ಮನೆಯೊಳಗೆ ಬಂದು ಬಾಗಿಲ ಪರದೆ ಹಿಡಿದುಕೊಂಡಾಗ ನಗೆ ಸಾಲಿನಿಂದ ಸಾಲಿಗೆ ಹರಡಿತು. ಕೆಟ್ಟ ನಗೆಯಲ್ಲ ಅದು, ಮಕ್ಕಳ ಕುಣಿತ ನೋಡಿ ದೊಡ್ಡವರು ನಗುತ್ತಾರಲ್ಲ, ಅಂಥದ್ದು. ಆದರೆ ಐರಿಸ್‌ಳ ಉಗುರು ಮಣಿಕಟ್ಟಿನಲ್ಲಿ ಇಳಿಯಿತು.

ಇದೊಂದೂ ರತ್ನಾಬಾಯಿಗೆ ತಿಳಿಯಲಿಲ್ಲ. ನಗೆಯನ್ನು ತಡೆಯುತ್ತೇನೆಂದು ಮಾತು ಕೊಟ್ಟು ಬಂದವಳು ನಗೆಯನ್ನೇ ಕೇಳಿಸಿಕೊಳ್ಳಲಿಲ್ಲ. ಆಕೆ ಸಾಯುವವನನ್ನು ನೋಡುತ್ತಿದ್ದಳು. ಆತ ಕುರ್ಚಿಯ ಮೇಲೆ ಕುಸಿದ. ಕುಸಿಯುವಾಗ ಹಿಡಿದುಕೊಂಡಿದ್ದ ಮೇಜಿನ ಬಟ್ಟೆ ಸುಕ್ಕಾಗಿತ್ತು. ಹೊರಗಿನಿಂದ ತಮ್ಮನ ಹೆಂಡತಿ ಬರುವ ಹೊತ್ತು. ಆತ ಆ ಸುಕ್ಕನ್ನು ಎಡಗೈಯಿಂದ ಮೆಲ್ಲಗೆ ಸವರಿ ಸರಿಮಾಡಿದ, ಕೋಟಿನ ಗುಂಡಿ ಹಾಕಿಕೊಂಡು ರಕ್ತದ ಕಲೆ ಮುಚ್ಚಿದ, ಬಾಗಿಲ ಕಡೆ ನೋಡಿ ಏನೂ ಆಗಿಲ್ಲವೆಂಬಂತೆ ಮುಗುಳ್ನಕ್ಕ. ಆ ನಗು ಮುಖದಲ್ಲಿರುವಾಗಲೇ ತಲೆ ವಾಲಿತು.

ರತ್ನಾಬಾಯಿ ಎದ್ದು ನಿಂತಳು. ಸ್ಟ್ರಾಟ್‌ಫರ್ಡ್ ಇಲ್ಲ, ಜಾಕೀಟು ಇಲ್ಲ, ಮಗ ಇಲ್ಲ. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಕಂಪನಿಯ ದನಿ ಹೊಟ್ಟೆಯಿಂದ ಎದ್ದು ಬಂತು:

"ವನ್ಸ್‌ಮೋರ್!"

ಪಿಯಾನೋ ನಿಂತಿತು. ಕತ್ತಲಲ್ಲಿ ತಲೆಗಳೆಲ್ಲ ತಿರುಗಿದವು. ಎಲ್ಲೋ ಒಬ್ಬ ಗೊಳ್ಳೆಂದ. ಐರಿಸ್ ಸರಕ್ಕನೆ ಕೈ ಕಿತ್ತುಕೊಂಡಳು.

"ನೀನೂನಾ ರತ್ನಾ?" ಎಂದಳು. "ನೀನೂ ಕೂಗಿದೆಯಾ ಅಪ್ಪನ ಮೇಲೆ?"

ಆಗ ರತ್ನಾಬಾಯಿಗೆ ತಾನೆಲ್ಲಿದ್ದೇನೆ, ಮಾಡಿದ್ದೇನು ಎಂದು ಹೊಳೆಯಿತು. ಸಾಯುವ ಮನುಷ್ಯನ ಮೇಲೆ ಎಂದೋ ಒಬ್ಬ ಕೂಗಿದ್ದ, ಇವತ್ತು ಅದೇ ಜಾಗದಲ್ಲಿ ತಾನು. ಇಂಗ್ಲಿಷಿನ ಒಂದು ಶಬ್ದವೂ ನೆನಪಿಗೆ ಬರಲೊಲ್ಲದು.

"ಅವ್ವಾ, ಕುಂದ್ರಬೇ" ಎಂದ ಸಂಗಮೇಶ ಹಲ್ಲು ಕಚ್ಚಿ. "ಎಲ್ಲಾರೂ ನೋಡ್ಲಿಕ್ಕತ್ತಾರ."

"ಇಲ್ಲಪಾ ಸಂಗೂ, ನೀ ಹೇಳು ಆಕೀಗೆ. ನಾ ಬೈದಿಲ್ಲ. ಆಕೀ ಅಪ್ಪಗ ನಾ ಬೈದಿಲ್ಲೋ. ಹೇಳಪಾ."

ದೀಪ ಹತ್ತಿತು. ಏನಾಯಿತು, ಮೈ ಸರಿಯಿಲ್ಲವೇ ಎಂದು ಫ್ರೇಯಾ ಓಡಿ ಬಂದಳು. ಅವ್ವನ ಕಣ್ಣಲ್ಲಿ ನೀರು ಕಂಡು ಸಂಗಮೇಶನಿಗೆ ಕುರ್ಚಿಯಲ್ಲಿ ಹುದುಗಿ ಕೂರಲಾಗಲಿಲ್ಲ. ಎದ್ದು ನಿಂತ. ಅವನ ಕಿವಿ ಕೆಂಪಾಗಿತ್ತು. ಐರಿಸ್‌ಗೆ ಹೇಳಬೇಕಾದ್ದನ್ನು ಇಡೀ ಸಭೆಗೇ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದ:

"ನನ್ನ ತಾಯಿ ನಟಿ. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಮೂವತ್ತು ವರ್ಷ ಪಾತ್ರ ಮಾಡಿದ್ದಾರೆ. ಅಲ್ಲಿ ಯಾರಾದರೂ ಚೆನ್ನಾಗಿ ಸತ್ತರೆ ಜನ ಹೀಗೆ ಕೂಗುತ್ತಾರೆ. ಕೂಗಿದರೆ ಸತ್ತವರು ಎದ್ದು, ಮೊದಲಿನಿಂದ ಮತ್ತೆ ಸಾಯಬೇಕು. ಅಲ್ಲಿ ನಟನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕೆಟ್ಟದಾಗಿ ಸತ್ತವರನ್ನು ಯಾರೂ ಏಳಿಸುವುದಿಲ್ಲ." ಅವ್ವನ ಕಡೆ ತಿರುಗಿ ಸೇರಿಸಿದ: "ನನ್ನ ತಾಯಿಯನ್ನು ಒಂದೇ ಸಂಜೆ ಮೂರು ಸಲ ಏಳಿಸಿದ್ದನ್ನು ನಾನು ನೋಡಿದ್ದೇನೆ."

ಯಾರೂ ನಗಲಿಲ್ಲ. ಐರಿಸ್ ರತ್ನಾಬಾಯಿಯನ್ನು ನೋಡಿದಳು, ಖಾಲಿ ಪರದೆಯನ್ನು ನೋಡಿದಳು.

"ಹಾಗಾದರೆ ಈಗ ಅವರು ಏಳಬೇಕೇ?" ಎಂದು ಕೇಳಿದಳು.

"ಯೆಸ್" ಎಂದಳು ರತ್ನಾಬಾಯಿ. "ಅಪ್. ಫಾದರ್ ಅಪ್."

ಫ್ರೇಯಾ ಪಿಯಾನೋದವನ ಕಡೆ ನೋಡಿದಳು. ಅವನು ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ.

ದೀಪ ಆರಿತು. ಸಮುದ್ರದ ದಂಡೆಯ ಮನೆ ಮತ್ತೆ ಬಂತು, ಹರ್ಬರ್ಟ್ ಪೆನ್‌ರಿಡ್ಜ್ ನೆಟ್ಟಗೆ ನಡೆದು ಬಂದರು. ಈ ಸಲ ಹಣೆಗೆ ಕೈ ಹೋದಾಗ ಒಂದಿಬ್ಬರು ನಕ್ಕರು, ನಕ್ಕು ಸುಮ್ಮನಾದರು. ಪರದೆ ಹಿಡಿದಾಗ ಸದ್ದಿರಲಿಲ್ಲ. ಎಡಗೈ ಮೇಜಿನ ಬಟ್ಟೆ ಸವರಿದಾಗ ಪಿಯಾನೋದವನು ಒಂದೇ ಸ್ವರ ಹಿಡಿದು ಉಳಿದದ್ದನ್ನೆಲ್ಲ ಬಿಟ್ಟುಬಿಟ್ಟ. ಗುಂಡಿ ಹಾಕಿದರು, ಮುಗುಳ್ನಕ್ಕರು, ತಲೆ ವಾಲಿತು. ಆಮೇಲಿನ ಚಪ್ಪಾಳೆ ಬರೀ ಉಪಚಾರಕ್ಕೆ ಹೊಡೆದದ್ದಲ್ಲ. ಅರವತ್ತು ಊರಿನ ಚಪ್ಪಾಳೆ ಕೇಳಿದ ರತ್ನಾಬಾಯಿಗೆ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ?

ಆಕೆ ಪಕ್ಕಕ್ಕೆ ತಿರುಗಿದಳು. ಐರಿಸ್‌ಳ ಕೆನ್ನೆ ಒದ್ದೆಯಾಗಿತ್ತು, ಬೆನ್ನು ಮಾತ್ರ ಎಂದಿನಂತೆ ನೆಟ್ಟಗಿತ್ತು. ಚಪ್ಪಾಳೆ ತಗ್ಗುವ ತನಕ ಕಾದು, ಗಾಲಿ ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಆಸ್ಪತ್ರೆಗೆ ಹೋದ ಅಪ್ಪನನ್ನು ಬಾಗಿಲಲ್ಲಿ ಕಾದ ನಾಲ್ಕು ವರ್ಷದ ಹುಡುಗಿ ತನ್ನ ತೊಂಬತ್ತೊಂದರ ಒಡಕು ದನಿಯಲ್ಲಿ ಕೂಗಿದಳು:

"ವನ್ಸ್‌ಮೋರ್!"