ಎಂಟು ಅಡಿ, ಒಳ ಅಳತೆ

ನಮ್ಮೂರಿನ ಅರ್ಧ ಗೇಟುಗಳು ನನ್ನ ಕೈಯವು. ಮೂವತ್ತು ವರ್ಷದಲ್ಲಿ ಒಂದೂ ಅಳತೆ ತಪ್ಪಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮಗಳು ಆಡುವ ಹೆಂಗಸರ ಫುಟ್‌ಬಾಲ್ ಕ್ಲಬ್ಬಿಗೆ ಗೋಲುಕಂಬ ಬೇಕೆಂದಾಗ ಬೇರೆ ಯಾವ ವೆಲ್ಡರನನ್ನೂ ಹತ್ತಿರ ಬಿಡಲಿಲ್ಲ.

ಮಗಳು ಆಸ್ಪತ್ರೆಯಲ್ಲಿ ನರ್ಸು, ಮೈದಾನದಲ್ಲಿ ಗೋಲ್‌ಕೀಪರು. ಜೊತೆಗೆ ಆಡುವವರು ಬೇಕರಿಯವಳು, ಬಸ್ ಕಂಡಕ್ಟರು, ಇಬ್ಬರು ಟೀಚರುಗಳು, ಹೀಗೆ ಎಲ್ಲರೂ ದುಡಿದು ತಿನ್ನುವವರು. ನಮ್ಮ ಸೀಮೆಯಲ್ಲಿ ಶಾಲೆಯ ತಂಡಗಳು ಬೇಕಾದಷ್ಟಿವೆ. ದೊಡ್ಡವರ ಲೀಗಿಗೆ ಹೋದದ್ದು ಇದೊಂದೇ. ಸ್ವಂತ ಮೈದಾನಕ್ಕೆ ಒಪ್ಪಿಗೆ ಸಿಗದೆ ಎರಡು ವರ್ಷ ಎಲ್ಲ ಪಂದ್ಯಗಳನ್ನೂ ದೂರದ ಪರವೂರುಗಳಲ್ಲೇ ಆಡಿದರು. ಒಂದು ಪಂದ್ಯಕ್ಕೆ ಎರಡು ದಿನ ರಜೆ. ಯಾವ ಮಾಲೀಕ ಕೊಡುತ್ತಾನೆ? ಹೋದ ಸಲ ಕೊನೆಯ ಪಂದ್ಯಕ್ಕೆ ಬಸ್ಸು ಹತ್ತಿದವರು ಎಂಟೇ ಜನ. ಈ ಸಲ ಮೈದಾನ ಪಾಸಾಗದಿದ್ದರೆ ಕ್ಲಬ್ಬಿಗೆ ಬೀಗವೇ ಗತಿ ಎಂದಿದ್ದಳು ಮಗಳು.

ಪರೀಕ್ಷೆಗೆ ಲೀಗಿನ ಮೇಡಂ ಬಂದರು. ಹುಲ್ಲು, ಗೆರೆ, ಬಟ್ಟೆ ಬದಲಿಸುವ ಕೋಣೆ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಗೋಲಿನ ಕೆಳಗೆ ನಿಂತು ಟೇಪು ಎಳೆದರು.

"ಎಂಟು ಅಡಿ ಬೇಕು. ಐದು ಇಂಚು ಕಮ್ಮಿ ಇದೆ."

"ನಿಮ್ಮ ಟೇಪು ಸರಿಯಿದ್ಯಾ ನೋಡ್ಕೊಳಿ ಮೇಡಂ," ಎಂದು ನನ್ನ ಟೇಪನ್ನೇ ಹಿಡಿದೆ. ನೆಲದಿಂದ ಐದಿಂಚು ದಪ್ಪದ ಅಡ್ಡಪೈಪಿನ ನೆತ್ತಿಗೆ ಸರಿಯಾಗಿ ಎಂಟು ಅಡಿ.

"ನೆತ್ತಿಗಲ್ಲ ಯಜಮಾನ್ರೇ, ಪೈಪಿನ ಕೆಳಗಿನ ಅಂಚಿಗೆ. ಚೆಂಡು ಹೋಗೋದು ಒಳಗಿಂದ ಅಲ್ವಾ?"

ಗೇಟಿಗೆ ಯಾವತ್ತೂ ಹೊರ ಅಳತೆ. ಮೂವತ್ತು ವರ್ಷದ ಕೈ ತನ್ನ ಪಾಡಿಗೆ ಗೇಟು ಮಾಡಿಬಿಟ್ಟಿತ್ತು. ಅಗಲವನ್ನು ಹುಡುಗಿಯರೇ ಅಳೆದು ಗುರುತು ಹಾಕಿದ್ದರಿಂದ ಅದು ಸರಿಯಿತ್ತು. ತಿಂಗಳಿಂದ ಮಗಳು ನಿಂತಲ್ಲೇ ಹಾರಿ ಅಡ್ಡಪೈಪು ಮುಟ್ಟುವುದನ್ನು ನೋಡಿ, ಎಂಥಾ ಎಗರು ನನ್ನ ಮಗಳದು ಎಂದು ಊರೆಲ್ಲ ಸಾರಿದ್ದೆ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಾನು. ಮೈದಾನಕ್ಕೆ ಮಣ್ಣು ಜಾಸ್ತಿ ಹಾಕಿದ್ದಾರೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಣ್ಣು ಹೊತ್ತ ಹುಡುಗಿಯರೆಲ್ಲ ಅಲ್ಲೇ ನಿಂತಿದ್ದರು.

"ತಪ್ಪು ನಂದೇ," ಎಂದೆ. "ನೀವು ಎಷ್ಟೊತ್ತಿಗೆ ಹೊರಡ್ತೀರಾ?"

"ಐದು ಗಂಟೆ ಬಸ್ಸಿಗೆ. ಹೋಗೋ ಮುಂಚೆ ಇನ್ನೊಂದ್ಸಲ ಅಳೀತೀನಿ."

"ಅಪ್ಪಾ, ಮೂರು ಗಂಟೇಲಿ ಆಗುತ್ತಾ?" ಎಂದಳು ಮಗಳು.

"ಮಾತು ಸಾಕು, ಕಂಬ ಹಿಡ್ಕೋ."

ಹನ್ನೆರಡು ಜನ ಸೇರಿ ಎರಡೂ ಗೋಲುಗಳನ್ನು ಕಿತ್ತು ಮಲಗಿಸಿದರು. ನಾಲ್ಕು ಕಾಲಿಗೆ ಐದೈದು ಇಂಚಿನ ತುಂಡು ಸೇರಿಸಿ ಬೆಸುಗೆ ಹಾಕಿದೆ. ಬೇಕರಿಯವಳು ಹಿಡಿದ ಕಂಬ ಕೂದಲೆಳೆಯಷ್ಟೂ ಅಲುಗಲಿಲ್ಲ. ದಿನಾ ಮೂಟೆಗಟ್ಟಲೆ ಹಿಟ್ಟು ನಾದುವ ಕೈ ಅದು. ಇಂಥವರು ನಮ್ಮೂರಿನವರು ಎಂದು ಎದೆಯುಬ್ಬಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಮೇಡಂ ಎರಡೂ ಗೋಲುಗಳನ್ನು ಅಳೆದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಹುಡುಗಿಯರ ಕೂಗು ಬಸ್ ನಿಲ್ದಾಣದವರೆಗೂ ಕೇಳಿಸಿರಬೇಕು.

ಮಗಳು ಗೋಲಿನ ಕೆಳಗೆ ಹೋಗಿ ಹಾರಿದಳು. ಬೆರಳು ತಲುಪಲಿಲ್ಲ. ಮತ್ತೆ ಹಾರಿದಳು, ಆಗಲೂ ಇಲ್ಲ.

"ಊರೆಲ್ಲ ಹೇಳ್ಕೊಂಡು ಬಂದಿದ್ಯಲ್ಲಪ್ಪಾ, ಈಗೇನ್ಮಾಡ್ತೀಯಾ?" ಎಂದು ನಕ್ಕಳು.

"ಮೊದಲನೇ ಪಂದ್ಯಕ್ಕೆ ಇನ್ನೂ ಮೂರು ವಾರ ಇದೆ," ಎಂದೆ. "ನನ್ನ ಐದು ಇಂಚು ನಾನು ಸರಿ ಮಾಡ್ದೆ. ನಿಂದು ನೀನು ಮಾಡ್ಕೋ."

ಅವಳು ಶೂ ಲೇಸು ಬಿಗಿದು ಮತ್ತೆ ಹಾರಿದಳು.