ತಟ್ಟೆಯಲ್ಲಿ ಬೆಳೆಯದ್ದು

"ಈ ಸಲವೂ ಏನೂ ಬೆಳೆದಿಲ್ಲ," ಎಂದು ಸರ್ಜನ್ ರಘುನಂದನ್ ಹೇಳಿದಾಗ ಶಿವನಂಜಮ್ಮ ಗಂಡನ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಬಟ್ಟೆ ಆಗಲೇ ಬಿಸಿಯಾಗಿತ್ತು.

ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ ಅವಳ ಗಂಡ ಮಾದಯ್ಯನಿಗೆ ಹೊಟ್ಟೆನೋವೆಂದು ಶುರುವಾದದ್ದು ಮೇದೋಜೀರಕ ಗ್ರಂಥಿಯನ್ನೇ ಕೊಳೆಸಿ, ಅವನನ್ನು ಮಂಡ್ಯದ ಆಸ್ಪತ್ರೆಗೆ ತಂದು ಕೆಡವಿತ್ತು. ಪಕ್ಕೆಗೆ ಹಾಕಿದ ನಳಿಕೆಯಿಂದ ಕೀವು ಇಳಿಯುತ್ತಿತ್ತು, ಜ್ವರ ಮಾತ್ರ ಇಳಿಯದು. ಯಾವ ಕ್ರಿಮಿಯೆಂದು ತಿಳಿಯಲು ಆ ಕೀವನ್ನು ಲ್ಯಾಬಿನ ತಟ್ಟೆಗಳಿಗೆ ಹಚ್ಚಿಟ್ಟರೆ, ತಟ್ಟೆಗಳು ತೊಳೆದಿಟ್ಟಂತೆ ಹಾಗೇ ಇರುತ್ತಿದ್ದವು.

"ಇನ್ನು ಹೊಟ್ಟೆ ತೆರೆದು ಕೊಳೆತದ್ದನ್ನ ತೆಗೀಬೇಕು. ಈ ನಿತ್ರಾಣದಲ್ಲಿ ತಡ್ಕೋತಾರೆ ಅಂತ ಮಾತು ಕೊಡಲಾರೆ," ಎಂದರು ರಘುನಂದನ್. "ಲ್ಯಾಬಿನ ಡಾಕ್ಟರು ದೀಪಶ್ರೀ, ಕೀವಿನ ಡಿಎನ್‌ಎ ಪರೀಕ್ಷೆ ಮಾಡ್ತೀನಿ, ಒಂದು ದಿನ ಕಾಯಿರಿ ಅಂತಿದಾರೆ. ನೀವೇ ಹೇಳಿ."

"ಕುಯ್ಸುಬುಡು ಅತ್ಗೆ, ಕಾಯದ್ಯಾಕೆ?" ಎಂದ ಮೈದುನ ಸ್ವಾಮಿ.

ಶಿವನಂಜಮ್ಮ ಮೆಟ್ಟಿಲಿಳಿದು ನೇರ ಲ್ಯಾಬಿಗೇ ಹೋದಳು.

"ತಟ್ಟೇಲೇ ಉಟ್ಟದೆ ಇರದು ನಿಂಗೆ ಎಂಗವ್ವಾ ಸಿಕ್ತದೆ?"

ದೀಪಶ್ರೀ ಕೈಗವಸು ಕಳಚಿ ಅವಳನ್ನು ಕೂರಿಸಿದಳು. "ಕೊಟ್ಟ ಔಷಧಿಗೆ ಅದು ಮಂಕಾಗಿರಬೇಕಮ್ಮ, ಸತ್ತಿಲ್ಲ. ತಟ್ಟೇಲಿ ಬೆಳೆಯದಿದ್ರೂ ಅದರ ಡಿಎನ್‌ಎ ಕೀವಿನಲ್ಲಿ ಇರುತ್ತೆ. ಅದನ್ನ ಓದಿದ್ರೆ ಯಾವ ಜಾತೀದು ಅಂತ ಗೊತ್ತಾಗುತ್ತೆ. ಅದಕ್ಕೆ ನಾಟೋ ಔಷಧೀನೇ ಕೊಡಬಹುದು."

"ಸಿಕ್ಕೇ ಸಿಕ್ತದಾ?"

"ಸಿಗದೇನೂ ಹೋಗಬಹುದು. ಕಾದಿದ್ದೇ ತಪ್ಪಾಯ್ತು ಅಂತಲೂ ಆಗಬಹುದು. ಸುಳ್ಳು ಹೇಳಲ್ಲ."

ಮಳವಳ್ಳಿಯ ಆಸ್ಪತ್ರೆಯಿಂದ ಹಿಡಿದು ಇಲ್ಲಿಗೆ ಬರುವವರೆಗೆ ಕಂಡವರೆಲ್ಲ 'ಏನೂ ಆಗಲ್ಲ ಹೋಗಮ್ಮ' ಎಂದವರೇ. ಶಿವನಂಜಮ್ಮ ಆ ಹುಡುಗಿಯ ಮುಖವನ್ನೇ ನೋಡಿದಳು. "ಅಂಗಾರೆ ನೋಡವ್ವ. ಕಾಯ್ತೀನಿ," ಎಂದು ಎದ್ದಳು.

ಮಾರನೆಯ ದಿನ ದೀಪಶ್ರೀ ತಾನೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ವಾರ್ಡಿಗೆ ಬಂದಳು. ಸಿಕ್ಕಿತ್ತು. ಕರುಳಿನಲ್ಲಿ ತೆಪ್ಪಗಿರಬೇಕಾದ ಕ್ರಿಮಿ, ಅಲ್ಲಿಯವರೆಗೆ ಕೊಟ್ಟ ಯಾವ ಔಷಧಿಗೂ ಸಾಯದ ಜಾತಿ. ರಘುನಂದನ್ ನಿಂತಲ್ಲೇ ಔಷಧಿ ಬದಲಿಸಿ, ಕುಯ್ಯುವುದನ್ನು ಮುಂದಕ್ಕೆ ಹಾಕಿದರು.

ಜ್ವರ ಒಮ್ಮೆಲೇ ಬಿಡಲಿಲ್ಲ, ಏರಿ ಇಳಿದು ಎಲ್ಲರನ್ನೂ ಆಟವಾಡಿಸಿತು. ಆಮೇಲೊಂದು ಬೆಳಗ್ಗೆ ಮಾದಯ್ಯ ಕಣ್ಣುಬಿಟ್ಟು, "ಇದ್ಯಾಕ್ಲಾ ಸ್ವಾಮಿ, ಗಡ್ಡ ಬುಟ್ಕಂಡಿದ್ದೀಯೆ?" ಎಂದ. ಸ್ವಾಮಿ ಕಿಟಕಿಯ ಕಡೆ ತಿರುಗಿಕೊಂಡ.

ಶಿವನಂಜಮ್ಮ ಸುದ್ದಿ ಹೇಳಲೆಂದು ಮತ್ತೆ ಲ್ಯಾಬಿಗೆ ಇಳಿದಳು. ದೀಪಶ್ರೀ ಇನ್ಯಾರದೋ ಕೀವಿನ ಸೀಸೆಯ ಮೇಲೆ ಬಾಗಿ, ಉಸಿರು ಬಿಗಿಹಿಡಿದು ಹನಿ ಎತ್ತುತ್ತಿದ್ದಳು. ಕರೆಯಲು ತೆರೆದ ಬಾಯಿ ಮುಚ್ಚಿಕೊಂಡು ಶಿವನಂಜಮ್ಮ ಹೊಸ್ತಿಲಲ್ಲೇ ನಿಂತಳು. ಆಮೇಲೆ, ಬಾಗಿಲು ಬಡಿದುಕೊಳ್ಳದಂತೆ ಅಂಗೈ ಒಡ್ಡಿ, ಅದನ್ನು ಮೆಲ್ಲಗೆ ಎಳೆದು ಮುಚ್ಚಿದಳು.