ಪೇಷಂಟಿನ ಹೆಸರು

ಸೇಡಂನ ಆ ಓಣಿಯಲ್ಲಿ ಯಾರ ಮನೆಗೆ ಯಾವ ಅರ್ಜಿ ಬಂದರೂ ತುಂಬುವವನು ಸುರೇಶಕುಮಾರ. ರೇಷನ್ ಕಾರ್ಡಿರಲಿ, ಪಿಂಚಣಿಯಿರಲಿ, ಕೇಳುವ ಮೊದಲೇ ಪೆನ್ನು ತೆಗೆಯುತ್ತಾನೆ. ಹೈದರಾಬಾದಿನ ಆಸ್ಪತ್ರೆಯ ಒಪ್ಪಿಗೆ ಪತ್ರವನ್ನೂ ಹಾಗೆಯೇ ತುಂಬಿ, ಫೋಟೊ ಹೊಡೆದು ಕಳಿಸಿಬಿಟ್ಟ. ಹೆಂಡತಿಗೆ ತೋರಿಸಿದನೇ? ಎಲ್ಲಿಯ ಮಾತು!

ಹೆಂಡತಿ ರಾಧಿಕಾ ಗೋಡೆಗೆ ಒರಗಿ ಕೂತಿದ್ದಳು. ಆರು ತಿಂಗಳ ಬಸುರಿ. ಕೂಸಿನ ಬೆನ್ನೆಲುಬು ಸರಿಯಾಗಿ ಮುಚ್ಚಿಕೊಂಡಿಲ್ಲವೆಂದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಹುಟ್ಟುವ ಮೊದಲೇ ಗರ್ಭ ಕೊಯ್ದು ಕೂಸಿನ ಬೆನ್ನು ಹೊಲಿಯಬಹುದಂತೆ, ಹೊಲಿದರೆ ಕೂಸು ನಡೆದೀತಂತೆ. ಮೂರು ಸಲ ರೈಲು ಹತ್ತಿ ಇಳಿದು ಅವಳಿಗೆ ಸಾಕುಸಾಕಾಗಿತ್ತು. ಬಂದವರೆಲ್ಲ ಕೂಸು ಹೇಗಿದೆ ಎಂದು ಕೇಳಿದವರೇ. ಅವಳು ಹೇಗಿದ್ದಾಳೆಂದು ಕೇಳಿದವರು, ಅಯ್ಯೋ, ಒಬ್ಬರಾದರೂ ಇದ್ದರೆ!

ಅತ್ತೆ ಅನಸುಬಾಯಿ ಆಪರೇಷನ್ನಿಗೆ ಹೊರಡುವ ನಾಳೆಯ ರೈಲಿಗೆಂದು ರೊಟ್ಟಿ ಬುತ್ತಿ ಕಟ್ಟುತ್ತಿದ್ದಾಗ ಫೋನು ಬಂತು. ಆಸ್ಪತ್ರೆಯ ನರ್ಸ್ ಅತೀಯಾ, ಶಹಾಬಾದಿನವಳು. ಸುರೇಶಕುಮಾರ ಸ್ಪೀಕರ್ ಹಾಕಿದ.

"ಅಣ್ಣಾ, ಪೇಷಂಟ್ ಹೆಸರಿನ ಜಾಗಾದಾಗ 'ರಾಧಿಕಾನ ಕೂಸು' ಅಂತ ಬರದೀರಲ್ಲ?"

"ಹೌದ್ರಿ. ಆಪರೇಷನ್ ಕೂಸಿಗೇ ಅಲ್ಲೇನ್ರಿ?"

"ಚಾಕು ಮೊದಲ ಅಕ್ಕನ ಮ್ಯಾಲ ಬರ್ತದ. ಆಕಿಗಿ ಒಮ್ಮಿ ಸಿಜೇರಿಯನ್ ಆಗ್ಯಾದ. ಗರ್ಭ ಹರೀಬಹುದು, ಜೀವಕ್ಕೂ ಅಪಾಯ ಆಗಬಹುದು. ಡಾಕ್ಟರ್ ಹೇಳ್ಯಾರಲ್ಲ? ಹೆಸರೂ ಸಹೀನೂ ಆಕೀದೇ ಬೇಕು. ಬ್ಯಾಡ ಅಂದ್ರೂ ನಡೀತದ. ಹುಟ್ಟಿದ ಮ್ಯಾಲನೂ ಹೊಲೀತಾರ, ಫಾಯ್ದಾ ಕಡಿಮಿ ಅಷ್ಟೇ."

ಅನಸುಬಾಯಿಯ ಕೈ ಬುತ್ತಿಯ ಗಂಟಿನ ಮೇಲೆಯೇ ನಿಂತಿತು. ಜೀವದ ಮಾತನ್ನು ಮಗ ಅವಳಿಗೆ ಹೇಳಿರಲೇ ಇಲ್ಲ. ತಾಯಿಯಾದವಳು ಇಷ್ಟಾದರೂ ತಡೆದುಕೊಳ್ಳಬೇಕೆಂದು ವಾರದಿಂದ ಸೊಸೆಯ ಕಿವಿ ಕೊರೆದವಳು ಅವಳೇ.

"ಯವ್ವಾ, ನೀ ಏನಂತಿ?" ಎಂದು ಸೊಸೆಯನ್ನು ಕೇಳಿದಳು.

ರಾಧಿಕಾಗೆ ಅಳು ಒತ್ತರಿಸಿ ಬಂತು. ಅಂಗಳದಲ್ಲಿ ನಾಲ್ಕು ವರ್ಷದ ಮಗಳು ಆಡುತ್ತಿದ್ದಳು. "ನಂಗ ಭಾಳ ಅಂಜಿಕಿ ಆಗ್ಯಾದ ಅತ್ತೀ. ಹುಟ್ಟಿದ ಮ್ಯಾಲೇ ಮಾಡ್ಸೋಣು."

"ಆಮ್ಯಾಲ ಕೂಸಿಗಿ ನಡೀಲಾಕ ಬರ್ಲಿಲ್ಲಂದ್ರ?" ಸುರೇಶಕುಮಾರ ಕೇಳಿದ.

"ಎತ್ಕೋತೀನ್ರಿ. ಎತ್ಕೊಳ್ಳಾಕ ನಾ ಇರಬೇಕಲ್ಲ."

ಸುರೇಶಕುಮಾರ ಒಪ್ಪಿಗೆ ಪತ್ರದ ಇನ್ನೊಂದು ಖಾಲಿ ಹಾಳೆ ತೆಗೆದ. ಏನೂ ಬರೆಯದೆ ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟ. ಪೇಷಂಟ್ ಎಂಬಲ್ಲಿ ಅವಳು ತನ್ನ ಹೆಸರು ಬರೆದಳು, ಕೆಳಗೆ 'ಒಪ್ಪಿಗೆ ಇಲ್ಲ' ಎಂದು ಬರೆದು ಸಹಿ ಹಾಕಿದಳು.

ಅನಸುಬಾಯಿ ಬುತ್ತಿ ಬಿಚ್ಚಿ, ಸೊಸೆಯ ಮುಂದೆ ಒಂದು ರೊಟ್ಟಿ ಇಟ್ಟಳು.